ಐದು ಲಾಡ್ಜ್‌ಗಳು ಸೇರಿ ಒಂದಾದಾಗ ಅದರ ಇತಿಹಾಸವನ್ನು ಯಾವ ವರ್ಷದಿಂದ ಬರೆಯಬೇಕು?

ಕ್ವೀನ್ಸ್ ಕನ್ನಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬದವರು. ನನ್ನ ಮಗ ಇಲ್ಲಿನ ಸ್ಕೌಟ್ ಟ್ರೂಪ್ ಒಂದರಲ್ಲಿದ್ದಾನೆ. ಕಳೆದ ವರ್ಷ ಅವನ ಜೊತೆಗಾರರೇ ಮತ ಹಾಕಿ ಅವನನ್ನು ಆರ್ಡರ್ ಆಫ್ ದಿ ಆ್ಯರೋ ಎಂಬ ಗೌರವ ಸಂಘಕ್ಕೆ ಆರಿಸಿದರು. ಅಮೆರಿಕದ ಸ್ಕೌಟ್ ಸಂಸ್ಥೆಯೊಳಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿರುವ ಈ ಸಂಘದ ಸ್ಥಳೀಯ ಘಟಕವನ್ನು ಲಾಡ್ಜ್ ಎನ್ನುತ್ತಾರೆ. ನಮ್ಮಲ್ಲಿ ಆ ಹೆಸರಿನಿಂದ ಕರೆಯುವ ವಸತಿಗೃಹಕ್ಕೂ ಇದಕ್ಕೂ ಸಂಬಂಧವಿಲ್ಲ. ನನ್ನ ಮಗ ಸೇರಿರುವುದು ಕಿಂಟೆಕೋಯಿಂಗ್ ಲಾಡ್ಜ್, ಸಂಖ್ಯೆ 4.

ಈಗ ಅವನು ತನ್ನ ಟ್ರೂಪ್‌ನ ಹುಡುಗರಿಗಾಗಿ ಲಾಡ್ಜ್‌ನ ಕಿರು ಇತಿಹಾಸವೊಂದನ್ನು ಬರೆಯಬೇಕಾಗಿದೆ. ಬರೆಯಲು ಕುಳಿತ ಮೇಲೆ ತೊಡಕು ಎದುರಾಯಿತು. ಈ ಲಾಡ್ಜ್ 2013ರಲ್ಲಿ ಐದು ಹಳೆಯ ಲಾಡ್ಜ್‌ಗಳ ವಿಲೀನದಿಂದ ಹುಟ್ಟಿತೆಂದು ಎಲ್ಲರೂ ಹೇಳುತ್ತಾರೆ. ಆದರೆ ಟ್ರೂಪ್‌ನ ಹಿರಿಯರೊಬ್ಬರು ಅವನಿಗೆ ಸುವಾನ್‌ಹ್ಯಾಕಿ ಲಾಡ್ಜ್, ಸಂಖ್ಯೆ 49 ಎಂದು ಕಸೂತಿ ಹಾಕಿದ ಹಳೆಯ ಲಾಂಛನವೊಂದನ್ನು ಕೊಟ್ಟು, "ಕ್ವೀನ್ಸ್‌ನವರ ನಿಜವಾದ ಲಾಡ್ಜ್ ಇದು" ಎಂದು ಹೇಳಿದ್ದಾರೆ. ಇನ್ನೊಬ್ಬರು, ನಮ್ಮ ಲಾಡ್ಜ್‌ನ ಸಂಖ್ಯೆ 4 ಆಗಿರುವುದರಿಂದ ಅದು ದೇಶದ ಅತ್ಯಂತ ಹಳೆಯ ಲಾಡ್ಜ್‌ಗಳಲ್ಲಿ ಒಂದೆಂದು ಧೈರ್ಯವಾಗಿ ಬರೆಯಬಹುದು ಎನ್ನುತ್ತಾರೆ. ಈ ಎರಡು ಮಾತುಗಳೂ ಏಕಕಾಲಕ್ಕೆ ಹೇಗೆ ನಿಜವಾಗುತ್ತವೆ ಎಂಬುದು ಹುಡುಗನಿಗೂ ತಿಳಿಯುತ್ತಿಲ್ಲ, ನನಗೂ ತಿಳಿಯುತ್ತಿಲ್ಲ.

ಆದ್ದರಿಂದ ಬಲ್ಲವರಲ್ಲಿ ನನ್ನ ವಿನಂತಿ: ಒಂದೇ ನಗರದಲ್ಲಿ ಐದು ಲಾಡ್ಜ್‌ಗಳು ಏಕೆ ಇದ್ದವು? ಅವನ್ನು ಏಕೆ ಕೂಡಿಸಬೇಕಾಯಿತು? ವಿಲೀನಗೊಂಡ ಸಂಘದ ಆರಂಭದ ವರ್ಷ ಯಾವುದೆಂದು ಬರೆಯುವುದು ನ್ಯಾಯ?

ಹಡ್ಸನ್ ದಂಡೆಯ ಹಾಸನದವರು

ನಮಸ್ಕಾರ. ನಾನು ಈ ಪ್ರಾಂತ್ಯದಲ್ಲಿ ಬಹಳ ಕಾಲದಿಂದ ಸ್ಕೌಟ್ ಶಿಬಿರಗಳಲ್ಲಿ ಸ್ವಯಂಸೇವಕನಾಗಿ ಕೆಲಸ ಮಾಡುತ್ತಿರುವವನು. ತಮ್ಮ ಮಗ ಈ ಪ್ರಶ್ನೆಯನ್ನು ಕೇಳಿಕೊಂಡಿರುವುದೇ ಸಂತೋಷದ ವಿಷಯ. ವಿಲೀನಗೊಂಡ ಲಾಡ್ಜ್‌ಗಳ ಬಗ್ಗೆ ಬರೆಯುವವರಲ್ಲಿ ಬಹಳ ಮಂದಿ ಇದನ್ನು ಕೇಳಿಕೊಳ್ಳದೆಯೇ ಮುಂದೆ ಹೋಗಿಬಿಡುತ್ತಾರೆ.

ಮೂಲದಿಂದ ಆರಂಭಿಸುವುದು ಒಳ್ಳೆಯದು. 1915ರ ಬೇಸಿಗೆಯಲ್ಲಿ ಡೆಲವೇರ್ ನದಿಯ ನಡುವೆ ಇರುವ ಟ್ರೆಷರ್ ಐಲೆಂಡ್ ಎಂಬ ದ್ವೀಪದಲ್ಲಿ ಫಿಲಡೆಲ್ಫಿಯಾ ಕೌನ್ಸಿಲ್‌ನ (ಒಂದು ಪ್ರದೇಶದ ಸ್ಕೌಟ್ ಟ್ರೂಪ್‌ಗಳನ್ನು ನೋಡಿಕೊಳ್ಳುವ ಆಡಳಿತ ಘಟಕವನ್ನು ಕೌನ್ಸಿಲ್ ಎನ್ನುತ್ತಾರೆ) ಶಿಬಿರ ನಡೆಯುತ್ತಿತ್ತು. ಅದರ ನಿರ್ದೇಶಕರಾಗಿದ್ದವರು ಇ. ಅರ್ನರ್ ಗುಡ್‌ಮನ್, ಅವರ ಸಹಾಯಕರಾಗಿದ್ದವರು ಕ್ಯಾರೊಲ್ ಎ. ಎಡ್ಸನ್. ಇಬ್ಬರೂ 1891ರಲ್ಲಿ ಹುಟ್ಟಿದವರು, ಅಂದರೆ ಆಗಿನ್ನೂ ಇಪ್ಪತ್ತರ ಹರೆಯದವರು. ಶಿಬಿರದಲ್ಲಿ ಸ್ಕೌಟ್ ನಿಯಮವನ್ನು ಬಾಯಲ್ಲಿ ಹೇಳುವುದಷ್ಟೇ ಅಲ್ಲದೆ ನಡೆದು ತೋರಿಸುವ ಹುಡುಗರನ್ನು ಗುರುತಿಸಬೇಕು, ಗುರುತಿಸುವ ಕೆಲಸವನ್ನು ದೊಡ್ಡವರು ಮಾಡದೆ ಜೊತೆಯ ಹುಡುಗರೇ ಮಾಡಬೇಕು ಎಂಬುದು ಅವರ ಯೋಚನೆಯಾಗಿತ್ತು. ಜುಲೈ 16ರಂದು ಮೊದಲ ದೀಕ್ಷಾ ಸಮಾರಂಭ ನಡೆಯಿತು. ಆ ನದಿ ಕಣಿವೆಯ ಮೂಲನಿವಾಸಿಗಳಾದ ಲೆನಾಪೆ ಜನರ ಭಾಷೆಯಿಂದ ಹೆಸರುಗಳನ್ನು ಆರಿಸಿಕೊಂಡರು; ಹಾಗೆ ಹುಟ್ಟಿದ ಮೊದಲ ಲಾಡ್ಜ್ ಉನಾಮಿ, ಸಂಖ್ಯೆ 1, ಲಾಂಛನ ಆಮೆ. 1921ರಲ್ಲಿ ಬೇರೆ ಬೇರೆ ಊರುಗಳ ಲಾಡ್ಜ್‌ಗಳು ಒಟ್ಟುಗೂಡಿ ರಾಷ್ಟ್ರೀಯ ಸ್ವರೂಪ ಪಡೆದವು, 1934ರಲ್ಲಿ ಸ್ಕೌಟ್ ಸಂಸ್ಥೆಯ ಅಧಿಕೃತ ಅನುಮೋದನೆ ಸಿಕ್ಕಿತು, 1948ರಲ್ಲಿ ಸಂಘವು ಪೂರ್ಣವಾಗಿ ಸಂಸ್ಥೆಯ ಅಂಗವಾಯಿತು.

ಹುಡುಗರು ಚುನಾಯಿಸುವ ಪದ್ಧತಿ ಇಂದಿಗೂ ಉಳಿದಿದೆ. ಫಸ್ಟ್ ಕ್ಲಾಸ್ ದರ್ಜೆ ಮುಟ್ಟಿರಬೇಕು, ಹಿಂದಿನ ಎರಡು ವರ್ಷಗಳಲ್ಲಿ 15 ರಾತ್ರಿ ಶಿಬಿರದಲ್ಲಿ ಕಳೆದಿರಬೇಕು, ಸ್ಕೌಟ್ ಮಾಸ್ಟರ್ ಒಪ್ಪಿರಬೇಕು. ಅದಾದ ಮೇಲೆ ಇಡೀ ಟ್ರೂಪ್ ಮತ ಹಾಕುತ್ತದೆ. ಮತ ಹಾಕುವವರಲ್ಲಿ ಹೆಚ್ಚಿನವರು ಸ್ವತಃ ಸಂಘದ ಸದಸ್ಯರಾಗಿರುವುದಿಲ್ಲ ಎಂಬುದೇ ಇದರ ವಿಶೇಷ. 21 ವರ್ಷ ದಾಟಿದವರಿಗೆ ಲಾಡ್ಜ್‌ನಲ್ಲಿ ಮತವೂ ಇಲ್ಲ, ಪದಾಧಿಕಾರವೂ ಇಲ್ಲ. ವಿಲೀನದ ಇತಿಹಾಸ ಬರೆಯುವಾಗ ಈ ಅಂಶವನ್ನು ನೆನಪಿಡಬೇಕು, ಏಕೆಂದರೆ ಹೊಸ ಲಾಡ್ಜ್‌ಗೆ ಹೆಸರು ಹುಡುಕುವುದು, ನಿಯಮಾವಳಿ ಬರೆಯುವುದು, ಲಾಂಛನ ಬಿಡಿಸುವುದು ಎಲ್ಲವೂ ಬಹುಮಟ್ಟಿಗೆ ಹದಿಹರೆಯದವರ ಮೇಲೆಯೇ ಬೀಳುತ್ತದೆ.

ಇನ್ನು ನ್ಯೂಯಾರ್ಕ್‌ನ ಕಥೆ. ಸಾಮಾನ್ಯ ನಿಯಮದ ಪ್ರಕಾರ ಒಂದು ಕೌನ್ಸಿಲ್‌ಗೆ ಒಂದೇ ಲಾಡ್ಜ್. ಹೀಗಾಗಿ ಎರಡು ಕೌನ್ಸಿಲ್‌ಗಳು ಆಡಳಿತದ ಕಾರಣಕ್ಕೆ ಒಂದಾದರೆ ಅವುಗಳ ಲಾಡ್ಜ್‌ಗಳಿಗೂ ಒಂದಾಗದೆ ಬೇರೆ ದಾರಿಯಿಲ್ಲ. ನ್ಯೂಯಾರ್ಕ್ ಮಾತ್ರ ದೀರ್ಘಕಾಲ ಈ ನಿಯಮಕ್ಕೆ ಹೊರತಾಗಿತ್ತು. 1898ರವರೆಗೆ ಬ್ರೂಕ್ಲಿನ್ ತಾನೇ ಒಂದು ಸ್ವತಂತ್ರ ನಗರವಾಗಿದ್ದದ್ದನ್ನು ನೆನೆದರೆ ಇದು ಅರ್ಥವಾಗುತ್ತದೆ. ಸ್ಕೌಟ್ ಚಳವಳಿ ಇಲ್ಲಿಗೆ ಬಂದಾಗ ಪ್ರತಿ ಬರೋದಲ್ಲೂ (ನಗರದ ಐದು ಆಡಳಿತ ಭಾಗಗಳನ್ನು ಹೀಗೆನ್ನುತ್ತಾರೆ) ತನ್ನದೇ ಕೌನ್ಸಿಲ್ ಬೆಳೆಯಿತು, ಅದರ ಬೆನ್ನಿಗೆ ತನ್ನದೇ ಲಾಡ್ಜ್ ಬೆಳೆಯಿತು. ಬ್ರಾಂಕ್ಸ್‌ನಲ್ಲಿ ರಾನಾಚ್‌ಕ್ವಾ 4, ಬ್ರೂಕ್ಲಿನ್‌ನಲ್ಲಿ ಶು-ಶು-ಗಾ 24, ಕ್ವೀನ್ಸ್‌ನಲ್ಲಿ ಸುವಾನ್‌ಹ್ಯಾಕಿ 49, ಮ್ಯಾನ್‌ಹ್ಯಾಟನ್‌ನಲ್ಲಿ ಮ್ಯಾನ್-ಎ-ಹ್ಯಾಟಿನ್ 82, ಸ್ಟೇಟನ್ ಐಲೆಂಡ್‌ನಲ್ಲಿ ಅಕ್ವೆಹಾಂಗಿಯನ್ 112. ಮುಂದೆ ಬರೋಗಳ ಕೌನ್ಸಿಲ್‌ಗಳೆಲ್ಲ ಗ್ರೇಟರ್ ನ್ಯೂಯಾರ್ಕ್ ಕೌನ್ಸಿಲ್ಸ್ ಎಂಬ ಒಂದೇ ಸೂರಿನಡಿ ಬಂದರೂ ಲಾಡ್ಜ್‌ಗಳು ಐದೇ ಉಳಿದವು: ಮನೆ ಒಂದು, ಒಲೆ ಐದು. ಸಂಸ್ಥೆಯ ಹೆಸರಿನಲ್ಲಿ ಇಂದಿಗೂ ಉಳಿದಿರುವ ಬಹುವಚನವೇ ಆ ಕಾಲದ ಗುರುತು.

ಈ ಐದೂ ಲಾಡ್ಜ್‌ಗಳಿಗೆ ಸಮಾನವಾಗಿದ್ದ ನೆಲವೆಂದರೆ ಸಲಿವನ್ ಕೌಂಟಿಯ ನ್ಯಾರೋಸ್‌ಬರ್ಗ್ ಬಳಿಯ ಟೆನ್ ಮೈಲ್ ರಿವರ್ ಶಿಬಿರ. 1920ರ ದಶಕದ ಕೊನೆಯಲ್ಲಿ ಆರಂಭವಾದ ಈ ಶಿಬಿರ ನಗರದ ಹುಡುಗರಿಗಾಗಿ ಕೊಂಡ ಸುಮಾರು 12,000 ಎಕರೆ ಕಾಡು. ಅದರೊಳಗೂ ಒಂದೊಂದು ಬರೋದವರಿಗೆ ಒಂದೊಂದು ಕೆರೆಯ ದಂಡೆ, ಒಂದೊಂದು ಊಟದ ಹಜಾರ. ಆ ಭೂಮಿ ದೊರಕುವುದಕ್ಕೆ ಬಹಳವಾಗಿ ದುಡಿದವರು ಫ್ರ್ಯಾಂಕ್ಲಿನ್ ಡಿ. ರೂಸ್‌ವೆಲ್ಟ್. ಅವರು ಆಗ ನ್ಯೂಯಾರ್ಕ್‌ನ ಸ್ಕೌಟ್ ಪ್ರತಿಷ್ಠಾನದ ಅಧ್ಯಕ್ಷರಾಗಿದ್ದರು. 1921ರ ಜುಲೈನಲ್ಲಿ ಬೇರ್ ಮೌಂಟನ್‌ನ ಸ್ಕೌಟ್ ಶಿಬಿರಕ್ಕೆ ಭೇಟಿಯಿತ್ತು ಹಿಂದಿರುಗಿದ ಕೆಲವೇ ದಿನಗಳಲ್ಲಿ ಅವರ ಕಾಲುಗಳ ಶಕ್ತಿ ಹೋಯಿತು. ಆದರೂ ಸ್ಕೌಟ್ ಕೆಲಸವನ್ನು ಅವರು ಬಿಡಲಿಲ್ಲ. ಅಮೆರಿಕದ ಅಧ್ಯಕ್ಷರಾದ ವರ್ಷವೇ, 1933ರ ಆಗಸ್ಟ್‌ನಲ್ಲಿ, ಟೆನ್ ಮೈಲ್ ರಿವರ್‌ಗೆ ಬಂದಾಗ ಅವರನ್ನು ಆರ್ಡರ್ ಆಫ್ ದಿ ಆ್ಯರೋದ ಗೌರವ ಸದಸ್ಯರನ್ನಾಗಿ ಮಾಡಿಕೊಂಡದ್ದು ಸುವಾನ್‌ಹ್ಯಾಕಿ ಲಾಡ್ಜ್. ತಮ್ಮ ಮಗನ ಕೈಯಲ್ಲಿರುವ ಲಾಂಛನ ಇದೇ ಲಾಡ್ಜ್‌ನದು. 2013ರಲ್ಲಿ ಇತಿಹಾಸ ಆರಂಭವಾಯಿತೆಂದು ಬರೆದರೆ ಇಂಥ ಪ್ರಸಂಗವನ್ನು ಎಲ್ಲಿಡುವುದು?

2013ರ ವಿಲೀನದೊಡನೆ ನ್ಯೂಯಾರ್ಕ್ ಕೂಡ ಒಂದು ಕೌನ್ಸಿಲ್‌ಗೆ ಒಂದು ಲಾಡ್ಜ್ ಎಂಬ ನಿಯಮದೊಳಗೆ ಬಂದಿತು. ಹೊಸ ಹೆಸರು ಯಾವುದೇ ಒಂದು ಹಳೆಯ ಲಾಡ್ಜ್‌ನದಾಗಲಿಲ್ಲ. ಕಿಂಟೆಕೋಯಿಂಗ್ ಎಂಬುದು ಇಂದಿನ ಆ್ಯಸ್ಟರ್ ಪ್ಲೇಸ್ ಇರುವ ಜಾಗದಲ್ಲಿ ಲೆನಾಪೆ ಗುಂಪುಗಳ ಹಾದಿಗಳು ಕೂಡುತ್ತಿದ್ದ ಸ್ಥಳ. ಇಂದಿನ ಬ್ರಾಡ್‌ವೇ ರಸ್ತೆ ಅಂಥದ್ದೊಂದು ಹಳೆಯ ಕಾಲುದಾರಿಯ ಜಾಡಿನಲ್ಲಿದೆ. ಐದು ಬರೋಗಳವರು ಕೂಡುವ ಲಾಡ್ಜ್‌ಗೆ ಇದಕ್ಕಿಂತ ತಕ್ಕ ಹೆಸರು ಸಿಗುವುದು ಕಷ್ಟವಿತ್ತು ಎಂದು ನನಗೆ ಅನ್ನಿಸುತ್ತದೆ.

ಶಿಕಾಗೋ ಸೀಮೆಯ ಶಾನುಭೋಗ

ಮೇಲಿನ ಉತ್ತರ ಬಹಳ ವಿವರವಾಗಿದೆ. ನನ್ನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಒಂದು ಕಡೆ ಸ್ವಲ್ಪ ಬೇರೆ ಅಭಿಪ್ರಾಯವನ್ನೂ ಹೇಳುತ್ತೇನೆ.

ನಮ್ಮಲ್ಲಿ ಶಿಕಾಗೋ ಏರಿಯಾ, ನಾರ್ತ್‌ವೆಸ್ಟ್ ಸಬರ್ಬನ್, ಡೆಸ್ ಪ್ಲೇನ್ಸ್ ವ್ಯಾಲಿ ಮತ್ತು ಪಕ್ಕದ ಇಂಡಿಯಾನಾ ರಾಜ್ಯದ ಕ್ಯಾಲುಮೆಟ್ ಎಂಬ ನಾಲ್ಕು ಕೌನ್ಸಿಲ್‌ಗಳು 2015ರಲ್ಲಿ ಪಾತ್‌ವೇ ಟು ಅಡ್ವೆಂಚರ್ ಎಂಬ ಒಂದೇ ಕೌನ್ಸಿಲ್ ಆದವು. ಆ ಬಳಿಕ ಅವುಗಳ ಓವಾಸಿಪ್ಪೆ 7, ಲಕೋಟಾ 175, ಪ್ಯಾಚ್‌ಸೆಗಿಂಕ್ 246 ಮತ್ತು ಮಿಚಿಗಾಮಿಯಾ 110 ಲಾಡ್ಜ್‌ಗಳು ಸೇರಿ ಟಕೋನೆ ಲಾಡ್ಜ್ ಆಯಿತು. ಅದರ ಸಂಖ್ಯೆಯೂ 7. ಮಿನ್ನೆಸೋಟದಲ್ಲಿ ಮಿನಿಯಾಪೊಲಿಸ್‌ನ ವೈಕಿಂಗ್ ಕೌನ್ಸಿಲ್ ಮತ್ತು ಸೇಂಟ್ ಪಾಲ್‌ನ ಇಂಡಿಯನ್‌ಹೆಡ್ ಕೌನ್ಸಿಲ್ 2005ರಲ್ಲಿ ಒಂದಾದವು. ಅಲ್ಲಿನ ಟೊಂಕವಾಂಪಸ್ 16 ಮತ್ತು ಅಗಾಮಿಂಗ್ 257 ಕೂಡಿ ಟೊಟಾನ್‌ಹಾನ್ ನಕಾಹಾ ಆದಾಗ ಉಳಿದ ಸಂಖ್ಯೆ 16. ಫಿಲಡೆಲ್ಫಿಯಾದಲ್ಲಂತೂ 1996ರಲ್ಲಿ ವ್ಯಾಲಿ ಫೋರ್ಜ್ ಕೌನ್ಸಿಲ್‌ನೊಡನೆ ವಿಲೀನವಾದಾಗ ಅದರ ಡೆಲ್ಮಾಂಟ್ 43 ಲಾಡ್ಜ್ ಹೋಗಿ ಉನಾಮಿ ತನ್ನ ಹೆಸರನ್ನೂ ಒಂದನೆಯ ಸಂಖ್ಯೆಯನ್ನೂ ಉಳಿಸಿಕೊಂಡಿತು. ಹೊಸ ಲಾಡ್ಜ್‌ಗಳು ತಮ್ಮ ಪೂರ್ವಜರಲ್ಲಿ ಅತಿ ಚಿಕ್ಕ ಸಂಖ್ಯೆಯನ್ನೇ ಹಿಡಿದಿರುವುದನ್ನು ಗಮನಿಸಬೇಕು. ಸಾಮಾನ್ಯವಾಗಿ ಸಂಖ್ಯೆ ಚಿಕ್ಕದಾದಷ್ಟೂ ಲಾಡ್ಜ್ ಹಳೆಯದು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಆ ಸಂಖ್ಯೆ ಹಿಡಿಯುವುದೆಂದರೆ ಹಿರಿತನವನ್ನು ಹಿಡಿಯುವುದೆಂದೇ ಅರ್ಥ. ಆದ್ದರಿಂದ ಕಿಂಟೆಕೋಯಿಂಗ್ ತನ್ನ ಆರಂಭವನ್ನು ರಾನಾಚ್‌ಕ್ವಾದಿಂದ, ಅಂದರೆ 1920ರ ದಶಕದ ಮೊದಲ ದಿನಗಳಿಂದ ಎಣಿಸಿದರೆ ತಪ್ಪೇನೂ ಇಲ್ಲವೆಂದು ನನ್ನ ಅಭಿಪ್ರಾಯ. ಮಕ್ಕಳಿಗೆ ಹೆಮ್ಮೆಯೂ ಬರುತ್ತದೆ.

ಇಷ್ಟೊಂದು ವಿಲೀನಗಳು ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳ. ಸದಸ್ಯರ ಸಂಖ್ಯೆ ದಶಕಗಳಿಂದ ಇಳಿಯುತ್ತ ಬಂದಿದೆ, ಕಚೇರಿಯ ಮತ್ತು ಶಿಬಿರ ಭೂಮಿಯ ನಿರ್ವಹಣೆಯ ಖರ್ಚು ಏರುತ್ತ ಹೋಗಿದೆ. 2020ರ ಫೆಬ್ರವರಿಯಲ್ಲಿ ಲೈಂಗಿಕ ದೌರ್ಜನ್ಯದ ಮೊಕದ್ದಮೆಗಳ ಹಿನ್ನೆಲೆಯಲ್ಲಿ ರಾಷ್ಟ್ರೀಯ ಸಂಸ್ಥೆ ದಿವಾಳಿ ರಕ್ಷಣೆ ಕೋರಿದ ಮೇಲೆ ಸಂತ್ರಸ್ತರ ಪರಿಹಾರ ನಿಧಿಗೆ ಸ್ಥಳೀಯ ಕೌನ್ಸಿಲ್‌ಗಳೂ ಹಣ ತುಂಬಬೇಕಾಯಿತು. ಎಷ್ಟೋ ಕಡೆ ಶಿಬಿರಗಳು ಮಾರಾಟವಾದವು. ಆ ಪರಿಹಾರ ಕೊಡಲೇಬೇಕಾದದ್ದು, ಅದರಲ್ಲಿ ಎರಡು ಮಾತಿಲ್ಲ. ಲಾಡ್ಜ್‌ಗಳ ನಕ್ಷೆ ಮತ್ತೆ ಮತ್ತೆ ಬದಲಾಗುವುದಕ್ಕೆ ಇದೂ ಒಂದು ಕಾರಣ ಎಂಬಷ್ಟಕ್ಕೆ ಹೇಳಿದೆ.

ಹಡ್ಸನ್ ದಂಡೆಯ ಹಾಸನದವರು

ಸಂಖ್ಯೆಗಳ ಬಗ್ಗೆ ತಾವು ಗಮನಿಸಿರುವುದು ಸರಿ, ಆದರೆ ಅದರಿಂದ ತಾವು ತೆಗೆದ ತೀರ್ಮಾನವನ್ನು ನಾನು ಒಪ್ಪಲಾರೆ. ದಯವಿಟ್ಟು ಬೇಸರಿಸಬೇಡಿ.

ಸಂಖ್ಯೆ 4 ರಾನಾಚ್‌ಕ್ವಾದಿಂದ ಬಂದದ್ದು, ರಾನಾಚ್‌ಕ್ವಾ ಬ್ರಾಂಕ್ಸ್‌ನದು. ಆ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಇಡೀ ಲಾಡ್ಜ್‌ಗೆ ಒಂದೇ ವಂಶಾವಳಿ ಕಟ್ಟಿದರೆ ಬ್ರೂಕ್ಲಿನ್, ಕ್ವೀನ್ಸ್, ಮ್ಯಾನ್‌ಹ್ಯಾಟನ್, ಸ್ಟೇಟನ್ ಐಲೆಂಡ್‌ನ ಹುಡುಗರು ಎಂಟು ಹತ್ತು ದಶಕ ಕಾಲ ನಡೆಸಿದ ಕೆಲಸ ಅಡಿಟಿಪ್ಪಣಿಗೆ ಇಳಿಯುತ್ತದೆ. ಅವರು ಕಡಿದ ಹಾದಿಗಳು, ರಿಪೇರಿ ಮಾಡಿದ ದೋಣಿಕಟ್ಟೆಗಳು, ಕಟ್ಟಿದ ಗುಡಿಸಲುಗಳು ಯಾವ ಸಂಖ್ಯೆಯನ್ನೂ ನೋಡಿ ಆದವಲ್ಲ. ಫಿಲಡೆಲ್ಫಿಯಾದಲ್ಲಿ ಆದದ್ದು ಇದಕ್ಕಿಂತ ಭಿನ್ನ ಬಗೆಯ ವಿಲೀನ. ಅಲ್ಲಿ ಸಂಘ ಹುಟ್ಟಿದ ಲಾಡ್ಜ್‌ನ ಹೆಸರನ್ನು ಅಳಿಸಲು ಯಾರಿಗೂ ಮನಸ್ಸು ಬರುವಂತಿರಲಿಲ್ಲ. ಆದರೂ ಡೆಲ್ಮಾಂಟ್‌ನಲ್ಲಿ ದೀಕ್ಷೆ ಪಡೆದವರ ಇತಿಹಾಸವನ್ನು ಪ್ರತ್ಯೇಕವಾಗಿ ಬರೆದಿಡದಿದ್ದರೆ ಅದು ಉನಾಮಿಯ ನೆರಳಿನಲ್ಲಿ ಕಾಣದಂತಾಗುತ್ತದೆ.

ನನ್ನ ಸಲಹೆ ಇದು. "ಕಿಂಟೆಕೋಯಿಂಗ್ ಲಾಡ್ಜ್ 2013ರಲ್ಲಿ ಸ್ಥಾಪನೆಯಾಯಿತು" ಎಂಬ ವಾಕ್ಯವನ್ನು ಹಾಗೆಯೇ ಬರೆಯಲಿ, ಏಕೆಂದರೆ ಅದು ಸತ್ಯ. ಅದರ ಕೆಳಗೆ ಐದು ಹಳೆಯ ಲಾಡ್ಜ್‌ಗಳಿಗೂ ಅವುಗಳ ಹೆಸರಿನಲ್ಲೇ ಬೇರೆ ಬೇರೆ ಅಧ್ಯಾಯವಿರಲಿ, ಪ್ರತಿಯೊಂದಕ್ಕೂ ಅದರದೇ ಆರಂಭದ ವರ್ಷವಿರಲಿ. ಹಿರಿತನ ಬೇಕಾದರೆ "ನಮ್ಮ ಲಾಡ್ಜ್‌ಗಳಲ್ಲಿ ಹಿರಿಯದು ರಾನಾಚ್‌ಕ್ವಾ" ಎಂದು ಬರೆಯಬಹುದು. ಅದರಿಂದ ಹೆಮ್ಮೆಗೂ ಕೊರತೆಯಾಗುವುದಿಲ್ಲ, ಸತ್ಯಕ್ಕೂ ಧಕ್ಕೆಯಾಗುವುದಿಲ್ಲ.

ಇನ್ನೊಂದು ಮಾತು. ಲಾಡ್ಜ್‌ಗಳ ಹೆಸರುಗಳು ಮೂಲನಿವಾಸಿಗಳ ಭಾಷೆ ಮತ್ತು ನೆಲದಿಂದ ಎರವಲು ಬಂದವು ಎಂಬುದನ್ನು ಹುಡುಗ ಬರೆಯಲೇಬೇಕು. ಲೆನಾಪೆ ಜನರನ್ನು ಈ ಕರಾವಳಿಯಿಂದ ಹಂತ ಹಂತವಾಗಿ ಪಶ್ಚಿಮಕ್ಕೆ ತಳ್ಳಲಾಯಿತು. ಅವರ ವಂಶಸ್ಥರ ಸಮುದಾಯಗಳು ಇಂದು ಓಕ್ಲಹೋಮ, ವಿಸ್ಕಾನ್ಸಿನ್ ಮತ್ತು ಕೆನಡಾದ ಒಂಟಾರಿಯೊದಲ್ಲಿವೆ. ಅವರು ಗತಕಾಲದ ಜನರಲ್ಲ, ಇಂದಿಗೂ ಇರುವವರು. ಈ ಎರಡು ಸಾಲು ಇಲ್ಲದ ಲಾಡ್ಜ್ ಇತಿಹಾಸ ನನ್ನ ದೃಷ್ಟಿಯಲ್ಲಿ ಅಪೂರ್ಣ.

ಲಾಂಛನ ಸಂಗ್ರಹ

ನಾನು ಸ್ಕೌಟ್ ಲಾಂಛನಗಳನ್ನು ಸಂಗ್ರಹಿಸುವವನು, ಆದ್ದರಿಂದ ಆ ಸುವಾನ್‌ಹ್ಯಾಕಿ ಲಾಂಛನದ ಬಗ್ಗೆ ಮಾತ್ರ ಹೇಳುತ್ತೇನೆ. ಕಾಗದಪತ್ರಗಳು ಕಳೆದುಹೋದ ಲಾಡ್ಜ್‌ಗಳ ವಿಷಯದಲ್ಲಿ ಎಷ್ಟೋ ಸಲ ಈ ಬಟ್ಟೆಯ ತುಂಡುಗಳೇ ಉಳಿದಿರುವ ದಾಖಲೆಗಳು.

ಸಮವಸ್ತ್ರದ ಬಲಗಡೆಯ ಎದೆಜೇಬಿನ ಮುಚ್ಚಳದ ಮೇಲೆ ಹೊಲಿಯುವ ಈ ಲಾಂಛನವನ್ನು ಫ್ಲ್ಯಾಪ್ ಎನ್ನುತ್ತಾರೆ. ಈ ಆಕಾರ ಎಲ್ಲೆಡೆ ಹರಡಿದ್ದು 1950ರ ದಶಕದಲ್ಲಿ. ಅದಕ್ಕೆ ಮುಂಚೆ ದುಂಡನೆಯವು, ಬಾಣದ ಮೊನೆಯಂಥವು, ಕೊರಳ ವಸ್ತ್ರದ ಮೇಲಿನವು ಹೀಗೆ ನಾನಾ ಆಕಾರದವು ಇದ್ದವು. ಸಂಗ್ರಹಕಾರರು ಇವಕ್ಕೆ ಅಕ್ಷರ ಸಂಕೇತ ಕೊಡುತ್ತಾರೆ. ಮೇಲ್ಮೈ ಪೂರ್ತಿ ಕಸೂತಿಯಿಂದ ಮುಚ್ಚಿದ್ದರೆ ಎಸ್, ಕೆಳಗಿನ ಟ್ವಿಲ್ ಬಟ್ಟೆ ಅಲ್ಲಲ್ಲಿ ಕಾಣುತ್ತಿದ್ದರೆ ಎಫ್. ಅದರ ಪಕ್ಕದ ಅಂಕಿ ಆ ಲಾಡ್ಜ್‌ನಲ್ಲಿ ಆ ಬಗೆಯದು ಎಷ್ಟನೆಯದೆಂದು ಹೇಳುತ್ತದೆ.

ಈಗ ತಮ್ಮ ಮಗನ ಕೈಯಲ್ಲಿರುವುದನ್ನು ಬೆಳಕಿಗೆ ಹಿಡಿದು ನೋಡಲಿ. ಮೊದಲು ಅಂಚು: ಕತ್ತರಿಯಿಂದ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಅದು ಸಾಮಾನ್ಯವಾಗಿ ಹಳೆಯ ಕಾಲದ್ದು, ದಪ್ಪ ನೂಲಿನಿಂದ ಓವರ್‌ಲಾಕ್‌ನಂತೆ ಸುತ್ತು ಹೊಲಿಗೆ ಹಾಕಿದ್ದರೆ ಬಹುಶಃ ನಂತರದ್ದು. ಆಮೇಲೆ ಹಿಂಬದಿ: ಬಟ್ಟೆ ಮತ್ತು ನೂಲಿನ ಗಂಟುಗಳು ಬೆರಳಿಗೆ ತಾಗುತ್ತಿದ್ದರೆ ಒಂದು ಕಾಲ, ನುಣುಪಾದ ಪ್ಲಾಸ್ಟಿಕ್ ಪದರವಿದ್ದರೆ ಇನ್ನೊಂದು ಕಾಲ, ಸುಮಾರಾಗಿ 1970ರ ಆಚೀಚೆ. ಹಳೆಯದೆಂದು ಮಾರುವ ನಕಲಿಗಳೂ ಇವೆ. ನೇರಳಾತೀತ ದೀಪದ ಕೆಳಗೆ ಹಿಡಿದಾಗ ಈಚಿನ ನೂಲು ಬೆಳ್ಳಗೆ ಹೊಳೆಯುತ್ತದೆ, ಹಳೆಯ ಹತ್ತಿ ನೂಲು ಮಂಕಾಗಿಯೇ ಉಳಿಯುತ್ತದೆ. ಮೂಲೆಗಳಲ್ಲಿ ಸೂಜಿಯ ತೂತುಗಳಿದ್ದರೆ ಯಾರೋ ಅದನ್ನು ಅಂಗಿಗೆ ಹೊಲಿದು ನಿಜವಾಗಿ ತೊಟ್ಟಿದ್ದರೆಂದು ತಿಳಿಯಬೇಕು. ಮಾರುಕಟ್ಟೆಯಲ್ಲಿ ಅಂಥದ್ದಕ್ಕೆ ಬೆಲೆ ಕಡಿಮೆ. ಆದರೆ ಇತಿಹಾಸ ಬರೆಯುವವನಿಗೆ ಬೇಕಾದದ್ದು ಅದೇ.

ವಿಲೀನದ ಸಮಯದಲ್ಲಿ ಹಳೆಯ ಲಾಡ್ಜ್‌ಗಳು ಕೊನೆಯದೆಂದು ಒಂದು ಫ್ಲ್ಯಾಪ್ ಹೊರಡಿಸುವುದು, ಹೊಸದು ತನ್ನ ಮೊದಲನೆಯದನ್ನು ಹೊರಡಿಸುವುದು ವಾಡಿಕೆ. ಹೊಸದರ ಚಿತ್ರದಲ್ಲಿ ಹಳೆಯ ಲಾಡ್ಜ್‌ಗಳ ಪ್ರಾಣಿಗಳನ್ನೋ ಬಣ್ಣಗಳನ್ನೋ ಎಲ್ಲಾದರೂ ಸೇರಿಸಿರುತ್ತಾರೆ. ಇಂಥವು ದೊರೆತರೆ ಪಕ್ಕಪಕ್ಕದಲ್ಲಿಟ್ಟು ನೋಡಲು ಹುಡುಗನಿಗೆ ಹೇಳಿ. ಯಾವ ಲಾಡ್ಜ್‌ನ ಯಾವ ಗುರುತು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂಬುದು ಅಲ್ಲಿಯೇ ಕಾಣುತ್ತದೆ.

ದಾವಣಗೆರೆಯ ಸ್ಕೌಟ್ ಮೇಷ್ಟ್ರು

ನಾನು ಅಮೆರಿಕ ಕಂಡವನಲ್ಲ, ಆದರೆ ನಿವೃತ್ತನಾಗುವವರೆಗೂ ಶಾಲೆಯಲ್ಲಿ ಸ್ಕೌಟ್ ದಳ ನಡೆಸಿದವನು. ಈ ಚರ್ಚೆ ಓದುವಾಗ ನಮ್ಮದೇ ವಿಲೀನದ ನೆನಪಾಯಿತು, ಆದ್ದರಿಂದ ಬರೆಯುತ್ತಿದ್ದೇನೆ.

ಭಾರತದಲ್ಲಿ ಸ್ಕೌಟ್ ದಳ ಮೊದಲು ಆರಂಭವಾದದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಅವರಿಂದ. ಆದರೆ ಆ ಕಾಲದ ದಳಗಳಲ್ಲಿ ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ. ಅದಕ್ಕಾಗಿಯೇ 1916ರಲ್ಲಿ ಮದರಾಸಿನಲ್ಲಿ ಆ್ಯನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಭಾರತೀಯ ಹುಡುಗರ ಸ್ಕೌಟ್ ಸಂಘ ಕಟ್ಟಿದರು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರು ಸೇವಾ ಸಮಿತಿ ಸ್ಕೌಟ್ ಸಂಘ ಬೆಳೆಸಿದರು. ಕೂಡುವ ಪ್ರಯತ್ನ, ಒಡೆಯುವ ಸಂದರ್ಭ ಎರಡೂ ನಡೆದು, ಸ್ವಾತಂತ್ರ್ಯದ ಬಳಿಕ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸ್ಥಾಪನೆಯಾಯಿತು, 1951ರ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಸಂಘವೂ ಬಂದು ಸೇರಿತು.

ನಮ್ಮ ಶಾಲೆಗಳಲ್ಲಿ ನಾವು ಎರಡು ವರ್ಷಗಳನ್ನೂ ಕಲಿಸುತ್ತೇವೆ. ಚಳವಳಿ ಬಂದದ್ದು 1909, ಸಂಸ್ಥೆ ಹುಟ್ಟಿದ್ದು 1950. 1909ನ್ನೇ ಸಂಸ್ಥೆಯ ಹುಟ್ಟೆಂದು ಬರೆದರೆ, ಭಾರತೀಯ ಹುಡುಗರನ್ನು ಹೊರಗಿಟ್ಟಿದ್ದ ಕಾಲ ಮತ್ತು ಅದನ್ನು ಪ್ರಶ್ನಿಸಿ ಬೇರೆ ಸಂಘ ಕಟ್ಟಿದವರ ಶ್ರಮ ಎರಡೂ ಮರೆಯಾಗುತ್ತವೆ. ಹಾಗಾಗಿ ಹಾಸನದವರ ಮಾತೇ ನನಗೆ ಸರಿಕಾಣುತ್ತದೆ.

ಆದರೆ ಒಂದು ವ್ಯತ್ಯಾಸ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ನಮ್ಮಲ್ಲಿ ರಾಜ್ಯ ಪುರಸ್ಕಾರವಾಗಲಿ ರಾಷ್ಟ್ರಪತಿ ಪುರಸ್ಕಾರವಾಗಲಿ ಪರೀಕ್ಷೆಯ ಮೂಲಕ ಬರುತ್ತದೆ, ಪರೀಕ್ಷಕರು ದೊಡ್ಡವರು. ಜೊತೆಯ ಮಕ್ಕಳೇ ಮತ ಹಾಕಿ ಗೌರವಕ್ಕೆ ಆರಿಸುವ ಪದ್ಧತಿ ನಮ್ಮಲ್ಲಿಲ್ಲ. ಮಕ್ಕಳು ಜನಪ್ರಿಯನಾದವನನ್ನೇ ಆರಿಸಿಬಿಡುವುದಿಲ್ಲವೇ ಎಂಬ ಸಂಶಯ ನನಗಿದೆ. ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಶಿಕಾಗೋ ಸೀಮೆಯ ಶಾನುಭೋಗ

ಮೇಷ್ಟ್ರಿಗೆ ನಮಸ್ಕಾರ. ತಮ್ಮ 1909 ಮತ್ತು 1950ರ ಉದಾಹರಣೆ ಓದಿದ ಮೇಲೆ ನನ್ನ ಅಭಿಪ್ರಾಯ ಸಡಿಲವಾಗಿದೆ. ಓವಾಸಿಪ್ಪೆಯ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಲೇಬೇಕು: ಆ ಹೆಸರು ಲಾಡ್ಜ್‌ನಿಂದ ಹೋದರೂ ಮಿಷಿಗನ್ ರಾಜ್ಯದಲ್ಲಿರುವ, 1910ರ ದಶಕದ ಆರಂಭದಿಂದ ಶಿಕಾಗೋದ ಹುಡುಗರು ಹೋಗುತ್ತಿರುವ ಶಿಬಿರದ ಹೆಸರಾಗಿ ಇನ್ನೂ ಉಳಿದಿದೆ.

ಮತದಾನದ ಬಗ್ಗೆ ತಮ್ಮ ಸಂಶಯ ಸಹಜ. ಜನಪ್ರಿಯತೆಯ ಪ್ರಭಾವ ಇಲ್ಲವೆನ್ನಲಾಗದು. ಆದರೆ ಮಳೆಯಲ್ಲಿ ಡೇರೆ ಕುಸಿದಾಗ ಯಾರು ಎದ್ದು ಬಂದರು, ಪಾತ್ರೆ ತೊಳೆಯುವ ಸರದಿಯನ್ನು ಯಾರು ತಪ್ಪಿಸಿಕೊಂಡರು ಎಂಬುದು ಜೊತೆಯಲ್ಲಿ ಮಲಗಿದ ಹುಡುಗರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಒಬ್ಬರು ಒಬ್ಬರನ್ನೇ ಆರಿಸಬೇಕೆಂದೂ ಇಲ್ಲ, ಅರ್ಹರೆನಿಸಿದ ಎಲ್ಲರಿಗೂ ಮತ ಹಾಕಬಹುದು. ಹೀಗಾಗಿ ಅದು ಪೈಪೋಟಿಯಾಗುವುದಿಲ್ಲ. 2019ರಿಂದ ಹುಡುಗಿಯರ ಟ್ರೂಪ್‌ಗಳಲ್ಲೂ ಈ ಚುನಾವಣೆ ನಡೆಯುತ್ತಿದೆ.

ಕ್ವೀನ್ಸ್ ಕನ್ನಡಿಗ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಫ್ಲ್ಯಾಪ್‌ನ ಅಂಚು ಚಪ್ಪಟೆಯಾಗಿದೆ, ಹಿಂಬದಿಯಲ್ಲಿ ನೂಲಿನ ಗಂಟುಗಳಿವೆ, ಎರಡು ಮೂಲೆಗಳಲ್ಲಿ ಸೂಜಿಯ ತೂತುಗಳೂ ಇವೆ. ಮಗ ಈಗ ಐದು ಅಧ್ಯಾಯಗಳ ಯೋಜನೆ ಹಾಕಿಕೊಂಡಿದ್ದಾನೆ. ಆದರೆ ಸ್ಟೇಟನ್ ಐಲೆಂಡ್ ಮತ್ತು ಮ್ಯಾನ್‌ಹ್ಯಾಟನ್ ಲಾಡ್ಜ್‌ಗಳ ಬಗ್ಗೆ ಅವನಿಗೆ ಹೆಚ್ಚೇನೂ ಸಿಕ್ಕಿಲ್ಲ. ಎಲ್ಲಿ ಹುಡುಕಬೇಕು?

ಹಡ್ಸನ್ ದಂಡೆಯ ಹಾಸನದವರು

ಟೆನ್ ಮೈಲ್ ರಿವರ್ ಶಿಬಿರದಲ್ಲಿಯೇ ಒಂದು ಸ್ಕೌಟ್ ಮ್ಯೂಸಿಯಂ ಇದೆ; ಬೇಸಿಗೆ ಶಿಬಿರಕ್ಕೆ ಹೋದಾಗ ಅಲ್ಲಿ ಒಂದು ಮಧ್ಯಾಹ್ನ ಕಳೆಯಲಿ. ಅಲ್ಲಿ ಕೇಳಬೇಕಾದದ್ದು ಲಾಡ್ಜ್‌ಗಳ ವಾರ್ತಾಪತ್ರಗಳು, ವಾರ್ಷಿಕ ಔತಣಕೂಟದ ಆಮಂತ್ರಣ ಪತ್ರಗಳು ಮತ್ತು ವಿಜಿಲ್ ಗೌರವ ಪಡೆದವರ ಪಟ್ಟಿಗಳು. ವಿಜಿಲ್ ಎಂಬುದು ಸಂಘದ ಅತ್ಯುನ್ನತ ಮನ್ನಣೆಯಾದ್ದರಿಂದ ಲಾಡ್ಜ್‌ಗಳು ಬೇರೆಲ್ಲ ಕಾಗದ ಕಳೆದರೂ ಆ ಪಟ್ಟಿಯನ್ನು ಜೋಪಾನವಾಗಿ ಇಟ್ಟಿರುತ್ತವೆ. ಯಾವ ವರ್ಷ ಯಾವ ಬರೋ ಚುರುಕಾಗಿತ್ತು ಎಂಬುದು ಅದರಿಂದ ಊಹೆಗೆ ಸಿಗುತ್ತದೆ. ಹಿರಿಯರನ್ನು ಮಾತನಾಡಿಸುವಾಗ "ನಿಮ್ಮ ಲಾಡ್ಜ್ ಹೇಗಿತ್ತು" ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. "ನೀವು ಯಾವ ಕೆರೆಯ ದಂಡೆಯ ಶಿಬಿರದಲ್ಲಿದ್ದಿರಿ, ದೀಕ್ಷೆಯ ದಿನ ನಿಮಗೆ ಕೊಟ್ಟ ಕೆಲಸ ಯಾವುದು" ಎಂದು ಕೇಳಲಿ. ಆ ದಿನವಿಡೀ ಮೌನವಾಗಿದ್ದು, ಅರೆಹೊಟ್ಟೆಯಲ್ಲಿ ಮಾಡಿದ ಕೆಲಸವನ್ನು ಯಾರೂ ಮರೆತಿರುವುದಿಲ್ಲ, ಅದನ್ನು ಹೇಳಲು ಅಡ್ಡಿಯೂ ಇಲ್ಲ.

ಫ್ಲ್ಯಾಪ್ ಕೊಟ್ಟ ಹಿರಿಯರಿಂದಲೇ ಆರಂಭಿಸಲಿ. ಅವರ ಒಪ್ಪಿಗೆ ಪಡೆದು ಮಾತನ್ನು ಧ್ವನಿಮುದ್ರಿಸಿ, ಒಂದು ಪ್ರತಿಯನ್ನು ಲಾಡ್ಜ್‌ಗೂ ಇನ್ನೊಂದನ್ನು ಮ್ಯೂಸಿಯಂಗೂ ಕೊಡಲಿ. ಫ್ಲ್ಯಾಪ್‌ನ ಎರಡೂ ಬದಿಗಳ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ.